ನೀನು ಕತ್ತರಿಸಿದ ದಡಿ

ಅಪ್ಪಾ,

ನೀನು ಹೋಗಿ ವರ್ಷವಾಯಿತು. ಮೊನ್ನೆ ನಿನ್ನ ಫೋಟೊಗೆ ಹಾರ ಹಾಕಿ ಊಟಕ್ಕೆ ಕುಳಿತಾಗ ಬಂದವರದೆಲ್ಲ ಒಂದೇ ಮಾತು. "ಎಂಥಾ ತಾಳ್ಮಿ ಇತ್ರಿ ಆ ಮನುಷ್ಯಾಗ! ಒಂದ ಹಕ್ಕಿ ಫೋಟೊ ಸಲುವಾಗಿ ಹಳ್ಳದ ದಂಡ್ಯಾಗ ದಿನಗಟ್ಲೆ ಕುಂದರ್ತಿದ್ರು." ಅವ್ವ ಹೋಳಿಗೆ ಬಡಿಸುತ್ತಿದ್ದಳು. ತಾಳ್ಮೆಯಂತೆ! ಮನೆಯೊಳಗೆ ಅದನ್ನು ಕಂಡವರು ಯಾರು?

ಅವ್ವನ ಮಗ್ಗದಲ್ಲಿ ಕೊಂಡಿ ಹಾಕುವ ದಿನಗಳು ನಿನಗೆ ನೆನಪಿವೆಯೇ? ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಜೋಡಿಸಲು ಒಬ್ಬರ ಕೈ ಸಾಲದು. ಇಳಕಲ್ಲಿನಲ್ಲಿ ಮಗ್ಗದ ಮನೆಯಲ್ಲೇ ಹುಟ್ಟಿದ ನಿನಗೆ ಅದು ಗೊತ್ತಿತ್ತು. ಆದರೂ ಅಂಥ ಬೆಳಿಗ್ಗೆಯೇ ಕ್ಯಾಮೆರಾ ಹೆಗಲಿಗೇರಿಸಿ ಐಹೊಳೆ ಕಡೆಯ ಹಳ್ಳಕ್ಕೆ ಹೊರಟುಬಿಡುತ್ತಿದ್ದೆ. ಅವ್ವ ಆ ದಿನ ನನ್ನ ಶಾಲೆ ಬಿಡಿಸಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ನನ್ನ ಕೈಯಲ್ಲಿ ಎಳೆ ಹರಿದರೆ ಸಂಜೆ ನಿನ್ನ ಬೈಗುಳ ಅವಳಿಗೆ. ಮಿಂಚುಳ್ಳಿ ಬರಲಿಲ್ಲವೆಂದು ಒಂದು ದಿನವಾದರೂ ಹಳ್ಳವನ್ನು ಬೈದಿದ್ದೆಯಾ? ಬರುವಾಗ ಅಮೀನಗಡದಲ್ಲಿ ಬಸ್ ಬದಲಿಸುವ ಹೊತ್ತಿಗೆ ಒಂದಿಷ್ಟು ಕರದಂಟು ಕಟ್ಟಿಸಿಕೊಂಡು ಬಂದರೆ ನಿನ್ನ ಲೆಕ್ಕದಲ್ಲಿ ಎಲ್ಲ ಸರಿಹೋಯಿತು.

ಆಮೇಲೆ ಆ ಬಟ್ಟೆ. ಮೈಮೇಲೆ ಹೊದ್ದು ಕುಳಿತರೆ ಹಕ್ಕಿಗೆ ಮಣ್ಣಿನ ದಿಬ್ಬದಂತೆ ಕಾಣಬೇಕು, ಅಂಥದೊಂದು ನೇಯ್ದು ಕೊಡು ಎಂದು ನೀನು ಅವ್ವನಿಗೆ ಹೇಳಿದ್ದೆ. ಅವ್ವ ನೂಲಿಗೆ ಮಣ್ಣಿನ ಬಣ್ಣ ಹಾಕಿ, ಸೀರೆಗಳ ನಡುವೆ ಬಿಡುವು ಮಾಡಿಕೊಂಡು ನೇಯ್ದಳು. ಅಂಚಿಗೆ ಬೆರಳಗಲ ಕೆಂಪು ದಡಿ ಕೊಟ್ಟಿದ್ದಳು. ಹುಟ್ಟಿದಾಗಿನಿಂದ ದಡಿಯಿಲ್ಲದ ಬಟ್ಟೆ ನೇಯ್ದು ಗೊತ್ತಿಲ್ಲದ ಕೈ ಅದು, ಇನ್ನೇನು ಮಾಡೀತು? ನೀನು ಬಿಚ್ಚಿ ನೋಡಿದವನೇ ಕಿರುಚಿದೆ.

"ನಾ ಹೊಂಟಿದ್ದು ಹಳ್ಳಕ್ಕ, ಮದವಿಗಲ್ಲ! ಈ ಕೆಂಪ ಕಂಡ್ರ ಒಂದರ ಹಕ್ಕಿ ಹತ್ರ ಬರ್ತೈತೇನ?"

"ದಡಿ ತಗದ್ರ ಎಳಿ ಬಿಡ್ತೈತ್ರಿ," ಎಂದಳು ಅವ್ವ, ಸಣ್ಣ ದನಿಯಲ್ಲಿ.

ನೀನು ಕತ್ತರಿ ತಂದು ಅವಳ ಮುಂದೆಯೇ ದಡಿಯನ್ನು ಕತ್ತರಿಸಿ ಎಸೆದೆ. ಅವಳು ಹೇಳಿದಂತೆಯೇ ಎಳೆ ಬಿಟ್ಟಿತು. ಪ್ರತಿ ಮಳೆಗಾಲ ಅವಳು ಆ ಅಂಚನ್ನು ಮಡಚಿ ಹೊಲಿದು ಮತ್ತೆ ನಿನ್ನ ಚೀಲದಲ್ಲಿಡುತ್ತಿದ್ದಳು. ಹೊಲಿದದ್ದಾದರೂ ನಿನ್ನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ...

ಬಾಗಲಕೋಟೆಯಲ್ಲಿ ನಿನ್ನ ಫೋಟೊಗಳ ಪ್ರದರ್ಶನ ನಡೆದಾಗ ಅವ್ವ ತಾನೇ ನೇಯ್ದ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕುಳಿತಿದ್ದಳು. ನೀನು ಮೈಕ್ ಹಿಡಿದು ಕ್ಯಾಮೆರಾ ರಿಪೇರಿಯವನನ್ನು ನೆನೆದೆ, ಬಸ್ಸಿನ ಕಂಡಕ್ಟರನ್ನು ನೆನೆದೆ, ಹಳ್ಳಕ್ಕೆ ಕುರಿ ಹೊಡೆದುಕೊಂಡು ಬರುವ ಅಜ್ಜನನ್ನೂ ನೆನೆದೆ. ಈಗ ಅವಳ ಹೆಸರು ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ನೀನು ನಮಸ್ಕಾರ ಹೇಳಿ ಕೆಳಗಿಳಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ. ನೀನು ಅವಳನ್ನು ನೆನೆಯದೇ ಇದ್ದುದನ್ನು ನಾನು ಇಂದಿಗೂ ಕ್ಷಮಿಸಿಲ್ಲ ಅಪ್ಪಾ.

ಮೊನ್ನೆ ನೆಂಟರೆಲ್ಲ ಹೋದ ಮೇಲೆ ಅವ್ವನ ನೂಲಿನ ಡಬ್ಬಿಯಲ್ಲಿ ಆ ಕೆಂಪು ದಡಿ ಸಿಕ್ಕಿತು. ಸುತ್ತಿ, ಗಂಟು ಹಾಕಿ ಇಟ್ಟಿದ್ದಳು. ನಾನು ನಿನ್ನ ಬಟ್ಟೆಗೆ ಅದನ್ನು ಮತ್ತೆ ಹೊಲಿದು, ಮರುದಿನ ನಿನ್ನದೇ ಕ್ಯಾಮೆರಾ ಹಿಡಿದು ನಿನ್ನದೇ ಹಳ್ಳಕ್ಕೆ ಹೋದೆ. ಹಟಕ್ಕೇ ಹೋದೆ ಎಂದುಕೋ. ಲಕ್ಕಿ ಗಿಡದ ಮರೆಯಲ್ಲಿ ಬಟ್ಟೆ ಹೊದ್ದು ಕುಳಿತೆ, ದಡಿ ಮುಂದಕ್ಕೆ ಕಾಣುವ ಹಾಗೆ. ಕಾಲು ಜೋಮು ಹಿಡಿಯಿತು. ನೀರಿನ ಸಪ್ಪಳ, ಎಲ್ಲೋ ದೂರದಲ್ಲಿ ಕುರಿಗಳ ದನಿ. ನಿಜ ಹೇಳಲಾ? ಕಾಯುವುದು ಇಷ್ಟು ಸುಖ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ಸುಖವನ್ನು ವರ್ಷಗಟ್ಟಲೆ ನೀನೊಬ್ಬನೇ...

ಬಿಸಿಲೇರುವ ಹೊತ್ತಿಗೆ ಮಿಂಚುಳ್ಳಿ ಬಂತು ಅಪ್ಪಾ. ಎದುರಿನ ಕೊಂಬೆಯ ಮೇಲೆ, ಎರಡೇ ಮಾರು ದೂರದಲ್ಲಿ ಕುಳಿತಿತು. ಕೆಂಪು ದಡಿಯನ್ನು ಕತ್ತು ಓರೆ ಮಾಡಿ ನೋಡಿತು. ಹಾರಿಹೋಗಲಿಲ್ಲ. ನೀರಿಗೆ ಧುಮುಕಿ, ಮೀನು ಹಿಡಿದು, ಮತ್ತೆ ಅಲ್ಲಿಗೇ ಬಂದು ಕುಳಿತು ತಿಂದಿತು. ಆ ದಡಿ ಒಂದು ಹಕ್ಕಿಯನ್ನೂ ಹೆದರಿಸುತ್ತಿರಲಿಲ್ಲ. ನೀನು ಸುಮ್ಮನೆ ಕತ್ತರಿಸಿದೆ.

ಮನೆಗೆ ಬಂದು ಅವ್ವನಿಗೆ ಫೋಟೊ ತೋರಿಸಿದೆ. ಮೂಲೆಯಲ್ಲಿ ದಡಿಯೂ ಸ್ವಲ್ಪ ಮಸುಕಾಗಿ ಬಿದ್ದಿದೆ. ಅವಳು ಹಕ್ಕಿಯನ್ನು ನೋಡಲೇ ಇಲ್ಲ. "ಬಣ್ಣ ಬಿಟ್ಟಿಲ್ಲ ನೋಡ," ಎಂದಳು. ಆಮೇಲೆ ಕೇಳಿದಳು, "ಆ ಹಳ್ಳ ಭಾಳ ದೂರ ಐತೇನ?"

ಇಷ್ಟು ವರ್ಷ ನೀನು ಎಷ್ಟು ದೂರ ಹೋಗುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿಲ್ಲ ಅಪ್ಪಾ. ಎರಡು ಬಸ್ಸಿನ ದಾರಿ ಅಷ್ಟೇ. ಭಾನುವಾರ ಮಗ್ಗ ನಿಲ್ಲಿಸಿ ಅವಳನ್ನು ಕರೆದುಕೊಂಡು ಹೋಗುತ್ತೇನೆ. ಆ ಬಟ್ಟೆ ಹೊದ್ದು ನಿನ್ನ ಜಾಗದಲ್ಲಿ ಅವಳೇ ಕೂರುತ್ತಾಳೆ.

ನಿನ್ನ ಮಗಳು