ಹವಳದ ತೊಟ್ಟಿಗೆ ನಳದ ನೀರು

ವೀರೇಶಾ,

ನಿನ್ನ ಹವಳದ ತೊಟ್ಟಿ ಮನಿ ತುಂಬ ಗಬ್ಬ ನಾರಾಕತ್ತೈತಿ. ನಳದ ನೀರು ರಾತ್ರಿಯೆಲ್ಲಾ ಕೊಡದಾಗ ಇಟ್ಟು ಹಂಗ ಸುರಿದಿ. ಕ್ಲೋರಿನ್ ಹಾರಿ ಹೋಗತೈತಿ, ಅದರ ಜೋಡಿ ನಳದ ನೀರಾಗಿರೋ ಕ್ಲೋರಮೈನ್ ಹೋಗಂಗಿಲ್ಲ ಅಂತ ಎಷ್ಟ ಸಲ ಹೇಳಲಿ? ಇದ್ದಲಿ ಫಿಲ್ಟರ್, ಆರ್‌ಓ ಎರಡೂ ದಾಟಿಸೇ ಸಮುದ್ರದ ಉಪ್ಪು ಬೆರೆಸಬೇಕು.

ಹವಳ ಲೋಳಿಯಾಗಿ ಕರಗ್ಯಾವ. ಸತ್ತ ಮೀನ ಅವ್ವನ ಹಿಟ್ಟಿನ ಜರಡೀಲೆ ಎತ್ತಿಯಲ್ಲೋ, ಥೂ ಹೇಸಿ! ಅವ್ವ ನೋಡಿ ವಾಂತಿ ಮಾಡಿಕೊಂಡ್ಳು. ಜರಡಿ ತಿಪ್ಪಿಗೆ ಒಗದೀನಿ.

ಉಳದ ಒಂದ ಮೀನ ನೀಲಿ ಬಕೆಟ್‌ನ್ಯಾಗ ಐತಿ. ಆ ನೀರು ನಾನ ಸೋಸೀನಿ, ಮುಟ್ಟಬ್ಯಾಡ. ಗಾಳಿ ಪಂಪ್ ಬಂದ್ ಮಾಡಬ್ಯಾಡ.

ಫಿಲ್ಟರಿಗೆ ಹೊಸ ಇದ್ದಲಿ ರೋಣದಾಗ ಸಿಗಲಿಲ್ಲ, ಗದಗಿಗೆ ಹೊಂಟೀನಿ. ನಾ ಬರೋದ್ರಾಗ ತೊಟ್ಟಿ ಖಾಲಿ ಮಾಡಿ ತಿಕ್ಕಿಡು. ಮೂಗ ಮುಚ್ಚಿಕೋಬ್ಯಾಡ. ಬಕೆಟ್‌ನ್ಯಾಗಿನ ಆ ಮೀನ ಲೋಳಿಯಾಗಿಂದ ಹುಡುಕಿ ತೆಗಿಯೋವಾಗ ನಾ ಮುಚ್ಚಿಕೊಂಡಿಲ್ಲ.

ಕಸ್ತೂರಿ ಅಕ್ಕ