ಬೆನ್ನಿಗೆ ಸರಿಸಿದ ತಾಯಿತ

ಸಫೂರಾ ಅಕ್ಕ,

ಸಾರಿ, ನಿಮಗೆ ಬರೆಯುವ ಮುಖ ನನಗಿಲ್ಲ. ನೀವು ಕೆಲಸಕ್ಕೆಂದು ಸೌದಿಗೆ ಹೊರಟ ದಿನ, ನಮ್ಮನ್ನು ಬಿಟ್ಟು ಓಡಿಹೋಗುತ್ತಿದ್ದೀರಿ ಎಂಬ ಕೋಪಕ್ಕೆ ಬೈ ಕೂಡ ಹೇಳದೆ ಹಾಸ್ಟೆಲ್‌ನಲ್ಲೇ ಕೂತಿದ್ದೆ. ಈ ಮೇಲ್ ಕಳಿಸುವ ಧೈರ್ಯ ಬರುತ್ತದೋ ಇಲ್ಲವೋ.

ರಾಮನಗರದ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ನಿಮ್ಮ ಟೆಕ್ನಿಷಿಯನ್ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ರೇಡಿಯಾಲಜಿಸ್ಟ್ ಕೂಡ ಕೆಲಸ ಬಿಟ್ಟರು. ಫಸ್ಟ್ ಇಯರ್ ಸ್ಟೂಡೆಂಟ್ ನಾನೇ ಎಕ್ಸ್‌ರೇ ತೆಗೆಯುತ್ತೇನೆ. ದಿನಕ್ಕೆ ನೂರಾರು ಎಕ್ಸ್‌ರೇ ನೋಡುವ ದೂರದ ಡಾಕ್ಟರೊಬ್ಬರು ಆನ್‌ಲೈನ್‌ನಲ್ಲಿ ರಿಪೋರ್ಟ್ ಕಳಿಸುತ್ತಾರೆ.

ಕಳೆದ ತಿಂಗಳು ಮಾಗಡಿಯಿಂದ ಹೊಂಬಾಳಮ್ಮ ಎಂಬ ಅಜ್ಜಿ ಕೆಮ್ಮುತ್ತಾ ಬಂದರು. ಕೊರಳಿನ ಬೆಳ್ಳಿ ತಾಯಿತ ತೆಗೆಯಿರಿ ಎಂದೆ.

"ಇದ್ನ ತೆಗುದ್ರೆ ನನ್ ಜೀವ್ವೇ ಹೋಯ್ತದೆ ಕಣವ್ವ. ಬೆನ್ನಿಗೆ ಸರಿಸ್ಕತೀನಿ, ನಿನ್ ಮಿಷಿನ್‌ಗೆ ಕಾಣಾಕಿಲ್ಲ ಬುಡು," ಎಂದು ನಕ್ಕರು.

ಬೆನ್ನಿಗೆ ಸರಿಸಿದರೂ ಎಕ್ಸ್‌ರೇಯಲ್ಲಿ ಬರುತ್ತದೆ ಎಂದು ನೀವು ಮೊದಲ ವಾರವೇ ಕಲಿಸಿದ್ದಿರಿ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ತಾಯಿತ ಇದ್ದ ಹಾಗೇ ಎಕ್ಸ್‌ರೇ ತೆಗೆದೆ. ಬಲ ಶ್ವಾಸಕೋಶದ ಮೇಲೆ ತಾಯಿತ ಬೆಳ್ಳಗೆ ಕೂತಿತ್ತು. ರಿಪೋರ್ಟ್ ನಾರ್ಮಲ್ ಎಂದು ಬಂತು.

ಇವತ್ತು ಅವರು ಮತ್ತೆ ಬಂದಿದ್ದರು, ಸೆರಗಿನಲ್ಲಿ ರಕ್ತ. "ಏನೂ ಇಲ್ಲ ಅಂತ ನೀನೇ ಅಂದಿದ್ಯಲ್ಲವ್ವ?" ಎನ್ನುತ್ತಾ ತಾವೇ ತಾಯಿತ ಬಿಚ್ಚಿ ನನ್ನ ಕೈಗಿಟ್ಟರು. ಹೊಸ ಎಕ್ಸ್‌ರೇಯಲ್ಲಿ, ಅವತ್ತು ತಾಯಿತ ಮುಚ್ಚಿದ್ದ ಜಾಗದಲ್ಲೇ ಗಡ್ಡೆ ಕಾಣಿಸಿತು. ಮಾಲೀಕರು ಕೇಳಿದಾಗ "ಗಡ್ಡೆ ಹೊಸದು ಸರ್, ಹಳೆಯ ಎಕ್ಸ್‌ರೇಯಲ್ಲಿ ಇರಲಿಲ್ಲ" ಎಂದುಬಿಟ್ಟೆ.

ನಾಳೆ ಬೆಳಿಗ್ಗೆ ಅವರ ಮಗಳು ರಿಪೋರ್ಟಿಗೆ ಬರುತ್ತಾಳೆ. ಅವಳಿಗೆ ಏನು ಹೇಳಲಿ, ಅಕ್ಕ? ದಯವಿಟ್ಟು ಬೇಗ ಉತ್ತರ ಬರೆಯಿರಿ.