ಗೊರಿಲ್ಲಾ ಮರಿಯ ಕೆಮ್ಮು

ಕಿಗೆಜಿ ಬೆಟ್ಟ, ಮಂಗಳವಾರ

ಡಾಕ್ಟರ್ ಕೆಬಿರುಂಗಿ ಅಮ್ಮನವರಿಗೆ ನಮಸ್ಕಾರ.

ದಯವಿಟ್ಟು ಇವತ್ತೇ ಬನ್ನಿ. ನಾವು ಪ್ರವಾಸಿಗರಿಗೆ ತೋರಿಸುವ ಗೊರಿಲ್ಲಾ ಗುಂಪಿನ ಮರಿ ಕೆಮ್ಮುತ್ತಿದೆ. ತಾಯಿ ಅದನ್ನು ಎದೆಯಿಂದ ಇಳಿಸುತ್ತಿಲ್ಲ.

ಒಳಗೆ ಬಿಟ್ಟ ಪ್ರವಾಸಿಗರಲ್ಲಿ ಯಾರಿಗೂ ಶೀತವಿರಲಿಲ್ಲ. ಭಾನುವಾರ ಒಬ್ಬ ಅಜ್ಜಿ ಒಂದೇ ಸಲ ಸೀನಿದ್ದಕ್ಕೆ ನಾನೇ ಗೇಟಿನಿಂದ ವಾಪಸ್ ಕಳಿಸಿದೆ. "ಅಷ್ಟು ದೂರದಿಂದ ಬಂದೋರನ್ನ ಅಳಿಸ್ತೀಯಲ್ಲೋ, ನಿಂಗೆ ಕರುಳೇ ಇಲ್ವಾ?" ಎಂದು ಜೊತೆಗಾರ ಮುಗಾರುರಾ ಬೈದ. "ರೂಲ್ಸ್ ಅಂದ್ರೆ ರೂಲ್ಸು ಕಣೋ, ನಮ್ಮ ಶೀತ ಗೊರಿಲ್ಲಾಗಳಿಗೂ ತಗಲುತ್ತೆ" ಅಂದೆ.

ನನ್ನ ಗಂಟಲು ಶನಿವಾರದಿಂದಲೇ ಕೆರೆಯುತ್ತಿತ್ತು. ದಾರಿ ತೋರಿಸುವವನನ್ನು ಶೀತವಿದೆಯಾ ಎಂದು ಯಾರೂ ಕೇಳುವುದಿಲ್ಲ. ನಾನೂ ಹೇಳಲಿಲ್ಲ. ಮರಿ ನನ್ನ ಬೂಟು ಮುಟ್ಟಲು ಬಂದಾಗ ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ.

ಔಷಧದ ಜೊತೆ ಮುಗಾರುರಾನನ್ನೇ ಕರೆದುಕೊಂಡು ಹೋಗಿ. ನಾನು ಬರುವುದಿಲ್ಲ. ನನ್ನ ದನಿ ಕೇಳಿದರೆ ಆ ಮರಿ ಈಗಲೂ ಓಡಿ ಬರುತ್ತದೆ.

ನಿಮ್ಮ
ಬಟುರಿನೆ